ಬುಡಕ್ಕೆ ಹಾಕಿದ ಸೊಪ್ಪನ್ನು ತಕ್ಕಡಿಗೆ ಹಾಕಿ ನೋಡಿದ್ದು

ಅಡಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟು ಹಾಕಬೇಕೆನ್ನುವುದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯ (ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ) ಶಿಫಾರಸು. ಹಾಕುತ್ತೇವೆ, ಮರುವರ್ಷ ಬುಡ ಬಿಡಿಸಿದರೆ ಒಂದೆಲೆಯೂ ಇರುವುದಿಲ್ಲ. ಯಾರು ತಿಂದರು, ಎಷ್ಟು ದಿನದಲ್ಲಿ? ಉತ್ಪಾದಕ, ಭಕ್ಷಕ, ವಿಘಟಕ ಎಂದು ಬಾಣ ಹಾಕಿದ ಚಿತ್ರ ಎಲ್ಲ ಪಠ್ಯಪುಸ್ತಕದಲ್ಲೂ ಉಂಟು. ಯಾವ ಬಾಣ ಎಷ್ಟು ದಪ್ಪ ಎಂದು ತಿಳಿಯಬೇಕಾದರೆ ತೂಗಲೇಬೇಕು. ಬಲೆಚೀಲದಲ್ಲಿ ಎಲೆ ಕಟ್ಟಿಟ್ಟು ತೂಗುವ ಕ್ರಮ ಪರಿಸರವಿಜ್ಞಾನದಲ್ಲಿ ಹಳೆಯದು. ಅದನ್ನು ತೋಟದಲ್ಲಿ ಮಾಡಿದ ರೀತಿ ಇದು.

ಬಲೆ ಎರಡು ನಮೂನೆಯದು. ಒಂದು, ನೀರುಳ್ಳಿ ತುಂಬಿ ಬರುವ ಚೀಲದ್ದು. ಎರೆಹುಳ, ಚೇರಟೆ (ಸಹಸ್ರಪದಿ), ಗೆದ್ದಲು ಒಳಗೆ ಹೋಗುವಷ್ಟು ದೊಡ್ಡ ಕಣ್ಣು. ಇನ್ನೊಂದು ಸೊಳ್ಳೆಪರದೆಯದು, ಅದರೊಳಗೆ ಬೂಷ್ಟು, ಬ್ಯಾಕ್ಟೀರಿಯಾ, ಸಣ್ಣ ನುಸಿಗಳಿಗೆ ಮಾತ್ರ ದಾರಿ. ಎರಡನ್ನೂ 20 ಸೆಂಟಿಮೀಟರ್ ಚೌಕವಾಗಿ ಕತ್ತರಿಸಿ ನೈಲಾನ್ ನೂಲಿನಲ್ಲಿ ಹೊಲಿದೆ. ಹತ್ತಿಯ ನೂಲಾದರೆ ಎಲೆಗಿಂತ ಮೊದಲು ಅದೇ ಕೊಳೆಯುತ್ತದೆ. ಎಲೆ ಮೂರು ಬಗೆ: ಗೊಬ್ಬರದ ಗಿಡ ಅಂದರೆ ಗ್ಲಿರಿಸೀಡಿಯಾ, ಉದುರಿದ ಗೇರೆಲೆ, ಒಣಗಿದ ಅಡಕೆ ಸೋಗೆ. ನೆರಳಲ್ಲಿ ಒಂದು ವಾರ ಆರಿಸಿ, ಅಡಕೆಯ ಡ್ರೈಯರಿನಲ್ಲಿ 65–70 ಡಿಗ್ರಿಯಲ್ಲಿಟ್ಟು, ಆರು ಗಂಟೆ ಅಂತರದ ಎರಡು ತೂಕ ಒಂದೇ ಬಂದ ಮೇಲೆ ಚೀಲಕ್ಕೆ 10 ಗ್ರಾಂನಂತೆ ತುಂಬಿಸುವುದು. ಹಸಿಯಾಗಿ ತೂಗಿ ಹಾಕಿದರೆ ಇಡೀ ಕೆಲಸ ದಂಡ. ನೀರು ಹೋದದ್ದೆಷ್ಟು, ಎಲೆ ಕರಗಿದ್ದೆಷ್ಟು ಎಂದು ಮತ್ತೆ ಬೇರ್ಪಡಿಸಲಾಗದು.

ಮೂರು ಎಲೆ, ಎರಡು ಬಲೆ, ನಾಲ್ಕು ಸಲ ತೆಗೆಯುವುದು (15, 30, 60, 90 ದಿನ), ಪ್ರತಿ ಸಲಕ್ಕೆ ಮೂರು ಚೀಲ: ಒಟ್ಟು 72. ಹೆಸರುಚೀಟಿಗೆ ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ತುಂಡು, ಮೊಳೆಯಲ್ಲಿ ಗೀಚಿದ್ದು. ಮಳೆ ಕಡಿಮೆಯಾದ ಅಕ್ಟೋಬರಿನಲ್ಲಿ ನಾಲ್ಕು ಮರಗಳ ನಡುವೆ ತರಗು ಸರಿಸಿ, ಮಣ್ಣಿಗೆ ತಾಗುವಂತೆ ಚಪ್ಪಟೆಯಾಗಿಟ್ಟು, ಸರಿಗೆಯ ಕೊಕ್ಕೆ ಚುಚ್ಚಿ, ಮೇಲೆ ಅದೇ ತರಗು ಮುಚ್ಚಿದೆ. ಕೊಕ್ಕೆ ಇಲ್ಲದಿದ್ದರೆ ಕೋಳಿ ಕೆದಕಿ ಎಳೆದು ಹಾಕುತ್ತದೆ. ಕಣಿಯ (ನೀರು ಬಸಿಯುವ ಕಾಲುವೆಯ) ಅಂಚಿನಲ್ಲಿ ಇಡಬಾರದು. ಅಲ್ಲಿ ನೀರು ನಿಂತರೆ ಗಾಳಿ ಇಲ್ಲದೆ ಕೊಳೆತು ಕೊಳೆಮೊಟ್ಟೆಯ ವಾಸನೆ ಬರುತ್ತದೆ. ಆಗ ಕೆಲಸ ಮಾಡುವುದು ಬೇರೆಯೇ ಜಾತಿಯ ಬ್ಯಾಕ್ಟೀರಿಯಾ, ಅದೂ ನಿಧಾನವಾಗಿ.

ತಪ್ಪುವುದು ಹೆಚ್ಚಾಗಿ ಎರಡು ಕಡೆ. ಗೇರೆಲೆ ಒಣಗಿದಾಗ ಹಪ್ಪಳದ ಹಾಗೆ. ತೋಟಕ್ಕೆ ಒಯ್ಯುವಾಗಲೇ ಪುಡಿ ಉದುರುತ್ತದೆ. ಹಾಗಾಗಿ ಬಗೆಗೊಂದು ಹೆಚ್ಚುವರಿ ಚೀಲ ಮಾಡಿ, ತೋಟದವರೆಗೆ ಒಯ್ದು ಅಲ್ಲಿಂದಲೇ ವಾಪಸು ತಂದು ತೂಗಿ, ಆ ನಷ್ಟವನ್ನು ಎಲ್ಲದರಿಂದ ಕಳೆಯಬೇಕು. ಎರಡನೆಯದು ಮಣ್ಣು. ಗೆದ್ದಲು ಚೀಲದೊಳಗೇ ಮಣ್ಣು ಮೆತ್ತುತ್ತದೆ. 60ನೇ ದಿನದ ತೂಕ 30ನೇ ದಿನದ್ದಕ್ಕಿಂತ ಜಾಸ್ತಿ ಬಂದರೆ ಎಲೆ ಬೆಳೆದದ್ದಲ್ಲ, ಮಣ್ಣು ಸೇರಿದ್ದು. ಬ್ರಷ್ಷಿನಲ್ಲಿ ಒರೆಸಿ, ಒಣಗಿಸಿ ತೂಗಿ, ಅದರಲ್ಲಿ 1 ಗ್ರಾಂ ತೆಗೆದು ಉಕ್ಕಿನ ಬಟ್ಟಲಲ್ಲಿ ಪೂರ್ತಿ ಬೂದಿಯಾಗುವವರೆಗೆ ಸುಟ್ಟು ಬೂದಿ ತೂಗಿದೆ. ಶುರುವಿನ ಎಲೆಯ ಬೂದಿಯನ್ನೂ ಹೀಗೇ ತೂಗಿರಬೇಕು. ಅದಕ್ಕಿಂತ ತುಂಬ ಹೆಚ್ಚು ಬಂದದ್ದು ಮಣ್ಣಿನ ಪಾಲು.

ಲೆಕ್ಕ ಸುಲಭ. 10 ಗ್ರಾಂ ಹಾಕಿದ್ದು 60 ದಿನಕ್ಕೆ 5 ಗ್ರಾಂ ಉಳಿದರೆ ಅರ್ಧಾಯು 60 ದಿನ, ಅರ್ಧಾಯುವಿನ ಲೆಕ್ಕಕ್ಕೆ ಬಳಸುವ ಸ್ಥಿರಸಂಖ್ಯೆ 0.693ನ್ನು 60ರಿಂದ ಭಾಗಿಸಿದರೆ ದಿನಕ್ಕೆ 0.0116 ವೇಗ. ಅದೇ ವೇಗ ನಡೆದರೆ 180 ದಿನಕ್ಕೆ 1.25 ಗ್ರಾಂ. ಆದರೆ ನಡೆಯುವುದಿಲ್ಲ. ಮೊದಲು ಸಕ್ಕರೆ, ಪಿಷ್ಟ ಹೋಗುತ್ತವೆ, ಕೊನೆಗೆ ಉಳಿಯುವುದು ಗಿಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್. ಗ್ಲಿರಿಸೀಡಿಯಾದ ಚೀಲದಲ್ಲಿ ತಿಂಗಳಾಗುವಾಗ ತೊಟ್ಟು, ನರ ಬಿಟ್ಟರೆ ಹೆಚ್ಚೇನಿಲ್ಲ. ಗೇರೆಲೆಯಲ್ಲಿ ಒಗರು ಜಾಸ್ತಿ, ಅದು ತೊಳೆದು ಹೋಗುವವರೆಗೆ ಹುಳ ಮುಟ್ಟುವುದು ಕಡಿಮೆ. ಸೋಗೆ ಹಟಮಾರಿ. ದೊಡ್ಡ ಕಣ್ಣಿನ ಚೀಲಕ್ಕೂ ಸಣ್ಣ ಕಣ್ಣಿನದ್ದಕ್ಕೂ ಇರುವ ವ್ಯತ್ಯಾಸವೇ ಹುಳಗಳ ದುಡಿಮೆ.

ಕಣ್ಣಿಗೆ ಕಾಣದವರನ್ನು ನೋಡಲು ಎರಡು ಲೀಟರಿನ ಸೋಡಾ ಬಾಟಲಿಯ ಕೊರಳಭಾಗ ಕತ್ತರಿಸಿ ತಲೆಕೆಳಗಾಗಿಟ್ಟೆ. ಒಳಗೆ 2 ಮಿಲಿಮೀಟರ್ ಕಣ್ಣಿನ ಬಲೆ, ಅದರ ಮೇಲೆ ಒಂದು ಹಿಡಿ ಹಸಿ ತರಗು, 15 ಸೆಂಟಿಮೀಟರ್ ಮೇಲೆ 25 ವ್ಯಾಟಿನ ಹಳೆಯ ನಮೂನೆಯ ಬಲ್ಬು, ಕೆಳಗೆ ಕುಪ್ಪಿಯಲ್ಲಿ ಸ್ಪಿರಿಟ್. ಎಲ್‌ಇಡಿಯಲ್ಲಿ ಬಿಸಿ ಸಾಲದು. 100 ವ್ಯಾಟಾದರೆ ಪ್ರಾಣಿ ಇಳಿಯುವ ಮೊದಲೇ ಒಣಗಿ ಸಾಯುತ್ತದೆ. ಮೇಲಿನಿಂದ ಒಣಗುತ್ತ ಬಂದ ಹಾಗೆ ಅವು ಕೆಳಗಿಳಿದು ಬೀಳುತ್ತವೆ. ಎರಡು ದಿನ ಸಾಕು. ಭೂತಗನ್ನಡಿಯಲ್ಲಿ ನೋಡಿದರೆ ಕಂದು ನುಸಿಗಳು, ಒಂದೆರಡು ಮಿಲಿಮೀಟರಿನ ಬಿಳಿ ಸ್ಪ್ರಿಂಗ್‌ಟೇಲು ಎಂಬ ಜಿಗಿಯುವ ಜೀವಿಗಳು, ಹೊಟ್ಟೆಯಡಿ ಮಡಚಿಟ್ಟ ಬಾಲ ಸಮೇತ. ಇವುಗಳಲ್ಲಿ ಹೆಚ್ಚಿನವು ಎಲೆಗಿಂತ ಎಲೆಯ ಮೇಲಿನ ಬೂಷ್ಟನ್ನೇ ಮೇಯುತ್ತವೆ. ಎಲೆಯಲ್ಲಿದ್ದ ಶಕ್ತಿ ಹೀಗೆ ಬಾಯಿಂದ ಬಾಯಿಗೆ ಹೋಗುತ್ತ ಉಸಿರಾಟದ ಬಿಸಿಯಾಗಿ ಮುಗಿಯುತ್ತದೆ, ವಾಪಸು ಬರುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಶ್ ಮಾತ್ರ ತೋಟದೊಳಗೆ ಸುತ್ತುತ್ತವೆ, ತೊಳೆದು ಹೋಗದಿದ್ದರೆ.

ಪೊಟ್ಯಾಶ್ ಎಲೆಯ ರಚನೆಗೆ ಅಂಟಿಕೊಂಡಿರುವುದಿಲ್ಲ, ಮೊದಲ ಮಳೆಗೇ ನೀರಿನ ಜೊತೆ ಇಳಿಯುತ್ತದೆ. ಜೂನ್‌–ಜುಲೈಯ ನಮ್ಮ ಮಳೆಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಅದನ್ನು ಹಿಡಿದಿಡುವುದು ಕಷ್ಟ. ಸೊಪ್ಪನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಾಕುವುದರ ಹಿಂದಿರುವ ಲೆಕ್ಕ ಇದು. ಸಾರಜನಕದ ಸ್ವಭಾವ ಬೇರೆ. ಎಲೆಯಲ್ಲಿ ಇಂಗಾಲ ಸಾರಜನಕದ ಸುಮಾರು 25–30 ಪಟ್ಟಿಗಿಂತ ಹೆಚ್ಚಿದ್ದರೆ, ಸೂಕ್ಷ್ಮಜೀವಿಗಳು ತಮಗೆ ಕೊರತೆಯಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಹಸಿ ಅಡಕೆಸಿಪ್ಪೆ, ಮರದ ಹುಡಿ ರಾಶಿ ಹಾಕಿದ ಬುಡದಲ್ಲಿ ಗಿಡ ಹಳದಿಯಾಗುವುದು ಹೀಗೆ; ಗೊಬ್ಬರ ಹಾಕಿಯೂ ಉಪವಾಸ.

ಹಟ್ಟಿಯಲ್ಲಿ ದನದ ಕಾಲಡಿಗೆ ಒಣಸೊಪ್ಪು ಹಾಸುವ ಪದ್ಧತಿ ಇದನ್ನೇ ಸರಿಮಾಡುತ್ತಿತ್ತು. ಮೂತ್ರದ ಸಾರಜನಕ ಸೊಪ್ಪಿಗೆ ಸೇರಿ ಅನುಪಾತ ಇಳಿಯುತ್ತದೆ. ರಬ್ಬರ್ ಮ್ಯಾಟು ಬಂದ ಮೇಲೆ ಸೆಗಣಿ, ಮೂತ್ರ ಕಲಸಿದ ಸ್ಲರಿ ಒಂದು ಕಡೆ, ತರಗು ಇನ್ನೊಂದು ಕಡೆ. ಹಾಗಾಗಿ ಈಗ ಗೇರೆಲೆ, ಸೋಗೆ ಹಾಕುವಾಗ ಮೇಲೆ ಗ್ಲಿರಿಸೀಡಿಯಾ ಹರಡಿ ಸ್ಲರಿ ಹೊಯ್ಯುತ್ತೇನೆ.

ಸೊಪ್ಪು ಬರುವ ಗುಡ್ಡೆಯೂ ಈ ಲೆಕ್ಕದೊಳಗೆ ಬರಬೇಕು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದಿಂದ ವರ್ಗಭೂಮಿಗೆ (ಕೃಷಿಕನ ಸ್ವಂತ ಜಾಗಕ್ಕೆ) ತಾಗಿ 100 ಗಜದವರೆಗಿನ ಕುಮ್ಕಿ ಎಂಬ ಸರಕಾರಿ ಜಾಗದಿಂದ ಸೊಪ್ಪು ಸೌದೆ ತರುವ ಹಕ್ಕಿತ್ತು. ತೋಟ ತನ್ನಷ್ಟಕ್ಕೆ ತಾನು ನಡೆಯುವ ವ್ಯವಸ್ಥೆಯಲ್ಲ ಎಂದು ಕಂದಾಯದವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಆ ಗುಡ್ಡೆಯಲ್ಲೂ ಆರು ಚೀಲ ಇಟ್ಟಿದ್ದೇನೆ, ಗೇರೆಲೆಯದ್ದೇ. ಸ್ಪ್ರಿಂಕ್ಲರ್ ಇಲ್ಲದ ಅಲ್ಲಿ ಮಾರ್ಚಿನಿಂದ ಮೇವರೆಗೆ ತೂಕ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. ಬಿಸಿಗೇನೂ ಕೊರತೆಯಿಲ್ಲ, ಇಲ್ಲದ್ದು ನೀರು.