ಮಕ್ಕಳೊಡನೆ ಪರದೇಶದಲ್ಲಿರುವ ಕಾಸರಗೋಡಿನ ಪಿಂಚಣಿದಾರರು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಬಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳಲ್ಲಿ ದುಡಿದು ನಿವೃತ್ತರಾದ ಅಧ್ಯಾಪಕರು, ತೋಟದ ಬೆಳೆಗಳ ಸಂಶೋಧನೆ ನಡೆಸುವ ಸಿಪಿಸಿಆರ್‌ಐಯಂಥ ಕೇಂದ್ರ ಸಂಸ್ಥೆಯಿಂದ ಪಿಂಚಣಿ ಪಡೆಯುವವರು ಈಗ ವರ್ಷದ ಹೆಚ್ಚಿನ ಕಾಲವನ್ನು ದುಬೈ, ಶಾರ್ಜಾ, ದೋಹಾಗಳಲ್ಲೋ ಅಮೆರಿಕದಲ್ಲೋ ಮಕ್ಕಳ ಮನೆಯಲ್ಲಿ ಕಳೆಯುವುದು ಸಾಮಾನ್ಯವಾಗಿದೆ. ಪಿಂಚಣಿ ಮಾತ್ರ ಊರಿನ ಟ್ರೆಜರಿಗೋ ಬ್ಯಾಂಕಿಗೋ ತಿಂಗಳು ತಿಂಗಳು ಬಂದು ಬೀಳುತ್ತದೆ. ಇವರಲ್ಲಿ ಅನೇಕರು ‘ನಾವು ಊರಿನಲ್ಲೇ ಇಲ್ಲವಲ್ಲ, ಇನ್ನೆಲ್ಲಿಯ ತೆರಿಗೆ’ ಎಂದು ಸುಮ್ಮನಿರುತ್ತಾರೆ. ಇನ್ನು ಕೆಲವರು ಊರಿನಲ್ಲಿದ್ದಾಗ ತುಂಬುತ್ತಿದ್ದ ಫಾರಂ ಅನ್ನೇ ಪ್ರತಿವರ್ಷ ಹಾಗೆಯೇ ತುಂಬಿ ಕಳುಹಿಸುತ್ತಾರೆ. ಎರಡೂ ತಪ್ಪು. ಭಾರತದಲ್ಲಿ ಮಾಡಿದ ಸೇವೆಗೆ ಭಾರತದಲ್ಲಿಯೇ ಕೈಸೇರುವ ಪಿಂಚಣಿಗೆ, ಪಡೆಯುವವರು ಎಲ್ಲಿಯೇ ಇರಲಿ, ಇಲ್ಲಿಯ ತೆರಿಗೆ ಅನ್ವಯಿಸುತ್ತದೆ. ಆದರೆ ಎಷ್ಟು ತೆರಿಗೆ, ಯಾವ ಫಾರಂ, ಯಾವ ರಿಯಾಯಿತಿ ಎಂಬುದೆಲ್ಲ ನೀವು ಆ ವರ್ಷ ‘ನಿವಾಸಿ’ಯೋ ‘ಅನಿವಾಸಿ’ಯೋ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದುದು ಪಾಸ್‌ಪೋರ್ಟ್. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಹಣಕಾಸು ವರ್ಷದಲ್ಲಿ ಭಾರತದಲ್ಲಿದ್ದ ದಿನಗಳನ್ನು ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣದ ಮುದ್ರೆ ನೋಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಂದ ದಿನ, ಹೋದ ದಿನ ಎರಡನ್ನೂ ಭಾರತದ ದಿನವೆಂದೇ ಎಣಿಸಿಕೊಳ್ಳುವುದು ಸುರಕ್ಷಿತ. ಹಿಂದಿನ ನಾಲ್ಕು ವರ್ಷಗಳ ಲೆಕ್ಕವೂ ಬೇಕಾಗುವುದರಿಂದ ಹಳೆಯ ಪಾಸ್‌ಪೋರ್ಟನ್ನು ಎಸೆಯಬಾರದು.

ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದವರು ನಿವಾಸಿಗಳು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಎಡವುವುದು ಎರಡನೆಯ ನಿಯಮದಲ್ಲಿ: ಆ ವರ್ಷ 60 ದಿನ ಇಲ್ಲಿದ್ದು, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋಗುವ ಭಾರತೀಯ ಪೌರರಿಗೆ ಈ 60 ದಿನಗಳ ನಿಯಮದಿಂದ ವಿನಾಯಿತಿಯಿದೆ. ಮಗನ ಮನೆಗೆ ಹೋಗುವ ನಿವೃತ್ತರಿಗೆ, ಹೊರಟ ವರ್ಷದಲ್ಲಿ, ಇಲ್ಲ. ಏಪ್ರಿಲ್‌ನ 30 ದಿನ, ಮೇ ತಿಂಗಳ 30 ದಿನ ಸೇರಿದರೆ 60 ಆಗಿಬಿಡುತ್ತದೆ. ‘ಪತ್ತನಾಜೆ ಕಳೆಯಲಿ, ಆಮೇಲೆ ಹೊರಡೋಣ’ ಎಂದುಕೊಂಡವರಿಗೆ, ಮೇ ಕೊನೆಯ ಹೊತ್ತಿಗೆ ಬರುವ ಆ ತುಳುನಾಡಿನ ಆಚರಣೆಯ ಬಳಿಕ ಉಳಿಯುವುದು ಕೆಲವೇ ದಿನ. ಕೇರಳದಲ್ಲಿ ಬಹಳ ಮಂದಿ ಮೇ 31ರಂದೇ ನಿವೃತ್ತರಾಗುವುದರಿಂದ, ಅಂಥವರು ಬೀಳ್ಕೊಡುಗೆಯ ಹಾರ ಕೊರಳಿಗೆ ಬೀಳುವ ಹೊತ್ತಿಗೇ 61 ದಿನ ಪೂರೈಸಿರುತ್ತಾರೆ. ಮರುದಿನವೇ ಶಾರ್ಜಾಕ್ಕೆ ಹಾರಿ ಹತ್ತು ತಿಂಗಳು ಅಲ್ಲಿಯೇ ಇದ್ದರೂ ಆ ವರ್ಷ ಅವರು ಭಾರತದ ನಿವಾಸಿಗಳೇ. ಹಾಗಾದಾಗ ಅಲ್ಲಿ ತೆರೆದ ಬ್ಯಾಂಕ್ ಖಾತೆಯನ್ನೂ ಅದರ ಬಡ್ಡಿಯನ್ನೂ ಇಲ್ಲಿಯ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಬೇಕಾಗುತ್ತದೆ.

ನಂತರದ ವರ್ಷಗಳಲ್ಲಿ ಸಂಗತಿ ಸಡಿಲವಾಗುತ್ತದೆ. ಹೊರಗೆ ನೆಲೆಸಿದ್ದು ಊರಿಗೆ ಭೇಟಿಗೆಂದು ಬರುವ ಭಾರತೀಯ ಪೌರರು 182 ದಿನ ಮುಟ್ಟುವವರೆಗೆ ಅನಿವಾಸಿಗಳಾಗಿಯೇ ಉಳಿಯುತ್ತಾರೆ. ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ ಈ ಮಿತಿ 120 ದಿನ. ಅಷ್ಟು ಆದಾಯವಿದ್ದು, ಯಾವ ದೇಶದಲ್ಲಿಯೂ ತೆರಿಗೆಗೆ ಒಳಪಡದ ಪೌರರನ್ನು ಒಂದು ದಿನವೂ ಇಲ್ಲಿರದಿದ್ದರೂ ನಿವಾಸಿಯೆಂದೇ ಭಾವಿಸುವ ನಿಯಮವೂ ಇದೆ. ಸಾಮಾನ್ಯ ಅಧ್ಯಾಪಕರ ಪಿಂಚಣಿ ಅಲ್ಲಿಯವರೆಗೆ ಹೋಗುವುದಿಲ್ಲ.

ಅನಿವಾಸಿಯಾದರೆ ತೆರಿಗೆ ಕಡಿಮೆ ಎಂಬ ನಂಬಿಕೆ ಗಲ್ಫಿನ ಸಂಪಾದನೆಯವರಿಂದ ಬಂದದ್ದು. ಪಿಂಚಣಿದಾರರ ಮಟ್ಟಿಗೆ ಅದು ತಲೆಕೆಳಗು. 2025-26ನೇ ಹಣಕಾಸು ವರ್ಷದಲ್ಲಿ ನಿಮಗೆ 7,75,000 ರೂಪಾಯಿ ಪಿಂಚಣಿ ಬಂದಿದೆ ಎಂದಿಟ್ಟುಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತ ನಿವಾಸಿ, ಅನಿವಾಸಿ ಇಬ್ಬರಿಗೂ ಸಿಗುತ್ತದೆ. ಉಳಿಯುವುದು 7 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮಿಕ್ಕ 3 ಲಕ್ಷಕ್ಕೆ ಶೇಕಡಾ 5ರಂತೆ 15,000, ಅದರ ಮೇಲೆ ಶೇಕಡಾ 4 ಸೆಸ್ 600, ಒಟ್ಟು 15,600 ರೂಪಾಯಿ. ಅಷ್ಟೇ ಪಿಂಚಣಿಯ ನಿವಾಸಿಗೆ ಕಟ್ಟಬೇಕಾದದ್ದು ಸೊನ್ನೆ, ಏಕೆಂದರೆ 12 ಲಕ್ಷದವರೆಗಿನ ಆದಾಯದ ಮೇಲಿನ ತೆರಿಗೆಯನ್ನು ಮನ್ನಾ ಮಾಡುವ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಹಳೆಯ ಪದ್ಧತಿಯಲ್ಲಿ 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ ಎಂದಿರುವ ವಿನಾಯಿತಿ ಮಿತಿಯೂ, ಹಿರಿಯರ ಠೇವಣಿ ಬಡ್ಡಿಗೆ ಸಿಗುವ 50,000 ರೂಪಾಯಿಯ ಕಡಿತವೂ ಅನಿವಾಸಿಗಳಿಗಿಲ್ಲ. ನನ್ನ ಪರಿಚಯದ ನಿವೃತ್ತರೊಬ್ಬರು ಮೂರು ವರ್ಷ ಹೊರಗಿದ್ದೂ ನಿವಾಸಿಯೆಂದೇ ಬರೆದು ಈ ರಿಯಾಯಿತಿ ಪಡೆದಿದ್ದರು. ಕೊನೆಗೆ ಬಡ್ಡಿಸಹಿತ ಕಟ್ಟಬೇಕಾಯಿತು. ಆರೋಗ್ಯವಿದ್ದು, ಊರಿನಲ್ಲಿ ಆರು ತಿಂಗಳಿಗೆ ಹತ್ತಿರ ಇರುವವರು ಇನ್ನೊಂದು ವಾರ ನಿಂತು 182 ತುಂಬಿಸಿಕೊಂಡರೆ ವಿಮಾನದ ಟಿಕೇಟಿನ ದುಡ್ಡು ಉಳಿದೀತು ಎಂದು ನಾನು ಹೇಳುವುದುಂಟು. ವಿದೇಶದಲ್ಲಿ ದೊಡ್ಡ ಆದಾಯವಿಲ್ಲದಿದ್ದರೆ ಮಾತ್ರ.

ಪಿಂಚಣಿ ಕೊಡುವ ಟ್ರೆಜರಿಗೆ ನೀವು ಪರದೇಶದಲ್ಲಿರುವುದು ತಿಳಿದಿರದಿದ್ದರೆ ನಿವಾಸಿಯ ಲೆಕ್ಕ ಹಿಡಿದು ತೆರಿಗೆ ಕಡಿಯದೆ ಬಿಡಬಹುದು. ಆಗ ಕಟ್ಟುವ ಹೊಣೆ ನಿಮ್ಮದೇ. ಮೂಲದಲ್ಲೇ ಕಡಿದ ತೆರಿಗೆಯನ್ನು ಕಳೆದು ಉಳಿಯುವ ತೆರಿಗೆ 10,000 ರೂಪಾಯಿ ಮುಟ್ಟಿದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಗಡುವುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಹಿರಿಯ ನಾಗರಿಕರಿಗೆ ಮುಂಗಡ ತೆರಿಗೆಯಿಲ್ಲ ಎಂಬ ಸೌಲಭ್ಯವೂ ನಿವಾಸಿಗಳದ್ದೇ.

ಇನ್ನು ಕಾಗದಪತ್ರ. ಟ್ರೆಜರಿ ಅಥವಾ ಬ್ಯಾಂಕಿನಿಂದ ಫಾರಂ 16 (ಪಿಂಚಣಿ ಮತ್ತು ಅದರಲ್ಲಿ ಕಡಿದ ತೆರಿಗೆಯ ಪ್ರಮಾಣಪತ್ರ), ತೆರಿಗೆ ಇಲಾಖೆಯ ಪೋರ್ಟಲ್‌ನಿಂದ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಎಲ್ಲ ಬ್ಯಾಂಕುಗಳ ಬಡ್ಡಿಯ ವಿವರ. ಹೊರಗೆ ನೆಲೆಸಿದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ (ಅನಿವಾಸಿಯ ಭಾರತದ ಆದಾಯ ಜಮೆಯಾಗುವ ಖಾತೆ) ಬದಲಾಯಿಸಿಕೊಳ್ಳಲೇಬೇಕು. ಅದರ ಬಡ್ಡಿಯಲ್ಲಿ ಸೆಸ್ ಸೇರಿ ಶೇಕಡಾ 31.2 ಮೂಲದಲ್ಲೇ ಕಡಿತವಾಗುತ್ತದೆ, ತೆರಿಗೆ ಕಡಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ ಫಾರಂ 15ಎಚ್ ಕೊಟ್ಟು ತಪ್ಪಿಸಿಕೊಳ್ಳಲು ಬರುವುದಿಲ್ಲ. ಹೆಚ್ಚು ಕಡಿದದ್ದನ್ನು ರಿಟರ್ನ್ ಸಲ್ಲಿಸಿಯೇ ಮರಳಿ ಪಡೆಯಬೇಕು. ಎನ್‌ಆರ್‌ಇ ಖಾತೆಯ, ಎಂದರೆ ವಿದೇಶದ ಹಣ ತಂದು ಇಡುವ ಅನಿವಾಸಿ ಖಾತೆಯ, ಬಡ್ಡಿಗೆ ತೆರಿಗೆಯಿಲ್ಲ. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರನೂ ತೆರಿಗೆ ಕಡಿದು ಕಟ್ಟಬೇಕಾಗುತ್ತದೆ, ಇದು ಇಬ್ಬರಿಗೂ ಗೊತ್ತಿಲ್ಲದಿರುವುದೇ ಹೆಚ್ಚು. ಅಡಿಕೆ ತೋಟದ ಆದಾಯಕ್ಕೆ ಆದಾಯ ತೆರಿಗೆಯಿಲ್ಲವಾದರೂ, ಅದು 5,000 ರೂಪಾಯಿ ಮೀರಿದರೆ ತೆರಿಗೆಯ ದರ ನಿರ್ಧರಿಸುವ ಲೆಕ್ಕಕ್ಕೆ ಸೇರುವುದರಿಂದ ರಿಟರ್ನ್‌ನಲ್ಲಿ ಬರೆಯಬೇಕು.

ದ್ವಿತೆರಿಗೆ ತಪ್ಪಿಸುವ ಒಪ್ಪಂದವನ್ನು ತೋರಿಸಿ ಪಿಂಚಣಿಯ ತೆರಿಗೆಯಿಂದ ಪಾರಾಗಬಹುದೇ ಎಂದು ಕೇಳುವವರಿದ್ದಾರೆ. ಸರಕಾರಿ ಸೇವೆಯ ಪಿಂಚಣಿಗೆ ಅದನ್ನು ಕೊಡುವ ದೇಶವೇ ತೆರಿಗೆ ಹಾಕುವುದು ಇಂಥ ಒಪ್ಪಂದಗಳ ಸಾಮಾನ್ಯ ರೀತಿ. ನೆಲೆಸಿದ ದೇಶದ ಪೌರತ್ವ ಪಡೆದವರ ವಿಷಯ ಬೇರೆ. ಒಪ್ಪಂದದಿಂದ ಪ್ರಯೋಜನವಾಗುವುದು ಬಡ್ಡಿಗೆ: ಯುಎಇಯಲ್ಲಿ ನೆಲೆಸಿದವರಿಗೆ ಶೇಕಡಾ 12.5, ಅಮೆರಿಕದವರಿಗೆ ಶೇಕಡಾ 15ರ ಮಿತಿಯಿದೆ. ಅದಕ್ಕೆ ಆ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು, ಪೋರ್ಟಲ್‌ನಲ್ಲಿ ಒಪ್ಪಂದದ ಸೌಲಭ್ಯ ಕೋರುವ ಫಾರಂ (2025-26ಕ್ಕೆ ಫಾರಂ 10ಎಫ್) ತುಂಬಬೇಕು, ಎರಡನ್ನೂ ಬ್ಯಾಂಕಿಗೆ ಒಪ್ಪಿಸಬೇಕು.

ರಿಟರ್ನ್ ತುಂಬುವಾಗ ಅನಿವಾಸಿಗಳು ಐಟಿಆರ್-1 ಬಳಸುವಂತಿಲ್ಲ, ಐಟಿಆರ್-2 ಆರಿಸಿಕೊಳ್ಳಬೇಕು. ಸ್ವಂತ ಸೇವೆಯ ಪಿಂಚಣಿಯನ್ನು ಸಂಬಳದ ತಲೆಬರಹದಡಿ, ಗಂಡ ಅಥವಾ ಹೆಂಡತಿ ತೀರಿಹೋದ ಮೇಲೆ ಬರುವ ಕುಟುಂಬ ಪಿಂಚಣಿಯನ್ನು ಇತರ ಮೂಲಗಳ ಆದಾಯದಡಿ ಬರೆಯಬೇಕು. ಕುಟುಂಬ ಪಿಂಚಣಿಗೆ ಹೊಸ ಪದ್ಧತಿಯಲ್ಲಿ ಸಿಗುವ ಕಡಿತ ಮೂರನೆಯ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿದ್ದರೂ 2025-26ರ ಆದಾಯಕ್ಕೆ 1961ರ ಕಾಯಿದೆಯೇ ಅನ್ವಯ. ಗಡುವು ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ವಿಳಂಬ ಶುಲ್ಕ ತೆತ್ತು ಸಲ್ಲಿಸಬಹುದು, ಶುಲ್ಕ 5 ಲಕ್ಷದೊಳಗಿನ ಆದಾಯಕ್ಕೆ 1,000, ಮೀರಿದರೆ 5,000 ರೂಪಾಯಿ. ಬದುಕಿದ್ದೇವೆಂದು ತೋರಿಸಲು ಪಿಂಚಣಿಗಾಗಿ ಮಾಡುವ ವಾರ್ಷಿಕ ಮಸ್ಟರಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ.

ಸಲ್ಲಿಸಿದ ಮೇಲೆ 30 ದಿನಗಳೊಳಗೆ ದೃಢೀಕರಿಸಬೇಕು. ತಡವಾದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಆಧಾರ್‌ನ ಒಟಿಪಿ ಊರಿನ ಮೊಬೈಲಿಗೆ ಬರುವುದರಿಂದ ಆ ಸಿಮ್ಮಿಗೆ ಹೊರಡುವ ಮುನ್ನವೇ ರೋಮಿಂಗ್ ಹಾಕಿಸಿಕೊಂಡಿರಬೇಕು. ಅದಾಗದಿದ್ದರೆ ಎನ್‌ಆರ್‌ಓ ಖಾತೆಯ ನೆಟ್ ಬ್ಯಾಂಕಿಂಗ್ ಮೂಲಕ ಪೋರ್ಟಲ್‌ಗೆ ಹೋಗಿ ದೃಢೀಕರಿಸಬಹುದು. ಎರಡೂ ಕೂಡದವರು ಐಟಿಆರ್-ವಿ ಎಂಬ ಸಲ್ಲಿಕೆಯ ರಶೀದಿಯನ್ನು ಮುದ್ರಿಸಿ, ಸಹಿ ಹಾಕಿ, ಆ 30 ದಿನಗಳಲ್ಲೇ ತಲುಪುವಂತೆ ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಗೆ ಅಂಚೆಯಲ್ಲಿ ಕಳುಹಿಸಬೇಕು. ಪರದೇಶದ ಅಂಚೆಯನ್ನು ನಂಬುವುದಕ್ಕಿಂತ ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು, ಕಾಸರಗೋಡಿನಿಂದ ಸ್ಪೀಡ್ ಪೋಸ್ಟ್ ಮಾಡಿಸಿ ರಶೀದಿಯ ಚಿತ್ರ ತರಿಸಿಕೊಳ್ಳುವುದು ಮೇಲು.