ಭಾನುವಾರದ ನೆಟ್‌ನಲ್ಲಿ ಎರಡು ಸೆಕೆಂಡಿನ ಬಿಡುವು

ಮೊದಲ ಎರಡು ಭಾನುವಾರ ನಮ್ಮ ಹ್ಯಾಮ್ ನೆಟ್‌ನಲ್ಲಿ, ಅಂದರೆ ಹವ್ಯಾಸಿ ರೇಡಿಯೋದವರು ಗೊತ್ತಾದ ಹೊತ್ತಿಗೆ ಸೇರಿ ಮಾತಾಡುವ ಕೂಟದಲ್ಲಿ, ಇದ್ದದ್ದು ನಾನೊಬ್ಬನೇ. ಧನುರ್ಮಾಸದ ಚಳಿ, ಬೆಳಗಿನ ಜಾವ ಐದೂವರೆ. ಗಂಗಾವತಿಯ ಮನೆಯ ಮಾಳಿಗೆ ಕೋಣೆಯಲ್ಲಿ ಕಂಬಳಿ ಹೊದ್ದು ಕೂತು 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ಒಂದೇ ಸಮ ಕರೆದೆ. ಉತ್ತರ ಭಾರತದವರ ಹಿಂದಿ ಮಾತು ಮಗ್ಗುಲಲ್ಲೇ ಕೂತು ಆಡಿದಷ್ಟು ಸ್ಪಷ್ಟ. ಬಳ್ಳಾರಿಯವರು ಮಾತ್ರ ಇಲ್ಲ, ರಾಯಚೂರಿನವರೂ ಇಲ್ಲ. ಕೊನೆಗೆ ಫೋನ್ ಹಚ್ಚಿದರೆ, "ಅರ್ಧ ತಾಸಾತು, ನಾನೂ ನಿಮ್ಮನ್ನ ಕರಿಯಾಕತ್ತೀನ್ರಿ" ಅಂತ ಬಳ್ಳಾರಿಯಿಂದ ಉತ್ತರ. ರೇಡಿಯೋದಲ್ಲಿ ಮಾತಾಡೋಕೆ ಫೋನ್ ಹಚ್ಚುವ ಫಜೀತಿ!

ತಪ್ಪು ರಿಗ್‌ನದಲ್ಲ, ಅಂದರೆ ರೇಡಿಯೋ ಸೆಟ್ಟಿನದಲ್ಲ, ನಾವು ಆರಿಸಿದ ಹೊತ್ತಿನದು. ರೇಡಿಯೋ ಅಲೆಯನ್ನು ಬಾಗಿಸಿ ನೆಲಕ್ಕೆ ಕಳಿಸುವ ಆಕಾಶದ ಮೇಲಿನ ಪದರ ಅಯಾನುಮಂಡಲ; ರಾತ್ರಿಯಿಡೀ ಬಿಸಿಲು ಕಾಣದೆ ಅದು ಬೆಳಗಿನ ಜಾವಕ್ಕೆ ತೀರ ತೆಳುವಾಗಿರುತ್ತದೆ. ನೆಟ್ಟಗೆ ಮೇಲಕ್ಕೆ ಹೋದ 7 ಮೆಗಾಹರ್ಟ್ಸ್ ಅಲೆ ಅದನ್ನು ತೂರಿಕೊಂಡು ಹೊರಟೇ ಹೋಗುತ್ತದೆ. ಓರೆಯಾಗಿ ಹೋದದ್ದು ಬಾಗಿ ಎಲ್ಲೋ ದೂರದಲ್ಲಿ ಇಳಿಯುತ್ತದೆ. ನಡುವಿನ ಊರುಗಳೆಲ್ಲ ಸ್ಕಿಪ್, ಅಲೆ ಹಾರಿ ದಾಟಿಬಿಡುವ ಜಾಗ. ಇದನ್ನೇ ಬಾಯಿಪಾಠ ಮಾಡಿ ಲೈಸೆನ್ಸ್ ಪರೀಕ್ಷೆ ಪಾಸಾದವನು ನಾನು. ನೆಟ್ಟನ್ನು ಎಂಟು ಗಂಟೆಗೆ ಇಟ್ಟೆವು. ಮುಂದಿನ ವಾರ ಬಳ್ಳಾರಿ ಫೈವ್ ನೈನ್, ಅಂದರೆ ದನಿ ಸ್ಪಷ್ಟ, ಜೋರು!

ಆಂಟೆನಾದ್ದು ಬೇರೆ ಕಥೆ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿಗೆ ಬರವಿಲ್ಲ. ವೈಂಡಿಂಗ್ ತಂತಿಯಿಂದಲೇ ಒಟ್ಟು 66 ಅಡಿಯ ಡೈಪೋಲ್, ಅಂದರೆ ನಡುವಿನಿಂದ ಎರಡು ಕಡೆ ಚಾಚಿದ ತಂತಿ ಆಂಟೆನಾ, ಮಾಡಿ, ನಡುವನ್ನು ಜಿಐ ಪೈಪಿಗೆ ಏರಿಸಿ, ಎರಡು ತುದಿಗಳನ್ನು ತೆಂಗಿನ ಮರಗಳಿಗೆ ಕಟ್ಟಿದೆ. ಆ ತಂತಿ ಮೆತ್ತಗಿನದು, ಗಾಳಿಗೆ ಜಗ್ಗಿ ಜಗ್ಗಿ ಉದ್ದವಾಗಿ ಎಸ್‌ಡಬ್ಲ್ಯುಆರ್ (ರಿಗ್ಗಿಗೂ ಆಂಟೆನಾಗೂ ಇರುವ ಹೊಂದಿಕೆಯ ಅಳತೆ) ಕೆಟ್ಟಿತು. ಈಗ ಮನೆ ವೈರಿಂಗಿನ ವೈರ್ ಹಾಕಿದ್ದೇನೆ. ಎತ್ತರ 25 ಅಡಿಗೇ ನಿಲ್ಲಿಸಿದ್ದು ಬೇಕಂತಲೇ: ಅಲೆ ನೆತ್ತಿಯ ಮೇಲಕ್ಕೆ ಹೋಗಿ ಸುತ್ತಲಿನ ಜಿಲ್ಲೆಗಳಿಗೆ ಇಳಿದರೆ ಸಾಕು, ನನಗೆ ಅಮೆರಿಕ ಬೇಡ.

ನೆಟ್ ಕಂಟ್ರೋಲ್, ಅಂದರೆ ನೆಟ್ಟನ್ನು ನಡೆಸುವ ಕೆಲಸ, ಚೆನ್ನಾಗಿಯೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕಾಲ್‌ಸೈನ್ (ಒಬ್ಬೊಬ್ಬರ ರೇಡಿಯೋ ಗುರುತು) ಬರೆದುಕೊಳ್ಳುವುದು, ಒಬ್ಬೊಬ್ಬರನ್ನೇ ಕರೆಯುವುದು, ಒಬ್ಬರು "ಓವರ್" ಅನ್ನುವಷ್ಟರಲ್ಲಿ ನಾನು ಮೈಕ್ ಒತ್ತಿ ಮುಂದಿನವರಿಗೆ ಕೊಡುವುದು. ಚುರುಕಾಗಿ ನಡೆಸುತ್ತಿದ್ದೇನೆ ಅನ್ನುವ ಹೆಮ್ಮೆ ಬೇರೆ. ಒಂದು ಭಾನುವಾರ ನನಗೆ ಕೆಮ್ಮು ಬಂತು. ಮೈಕ್ ಬಿಟ್ಟು ಕೆಮ್ಮಿ ನೀರು ಕುಡಿಯುವಷ್ಟರಲ್ಲಿ, ಗೊರಗೊರ ಸದ್ದಿನ ಅಡಿಯಿಂದ ಸಣ್ಣದೊಂದು ದನಿ: "ಬ್ರೇಕ್, ಬ್ರೇಕ್... ಮಾನ್ವಿ." ಮಾತಿನ ನಡುವೆ ಸಂದು ಕೇಳುತ್ತಿದ್ದವರು ಮಾನ್ವಿಯ ಹೈಸ್ಕೂಲ್ ಮೇಷ್ಟ್ರು. ಹೈದರಾಬಾದಿನ ಅಶರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟ್‌ಎಕ್ಸ್ ರಿಗ್ಗನ್ನು ಕೈಯಾರೆ ಬೆಸುಗೆ ಹಾಕಿ ಕಟ್ಟಿದವರು, ಐದಾರು ವ್ಯಾಟ್ ಅಷ್ಟೇ. "ಮೂರು ವಾರಾತು ಸರ್ ಕೂಗಾಕತ್ತು. ನೀವು ಸಂದೇ ಕೊಡವಲ್ರಿ." ನಾಚಿಕೆಯಾಯಿತು. ಅವತ್ತಿನಿಂದ ಒಬ್ಬರ ಮಾತು ಮುಗಿದ ಮೇಲೆ ಮನಸ್ಸಿನಲ್ಲೇ "ಒಂದು, ಎರಡು" ಎಣಿಸಿ ಆಮೇಲೆ ಮೈಕ್ ಒತ್ತುತ್ತೇನೆ. ಚೆಕ್-ಇನ್ (ಹಾಜರಿ) ಕೂಡ ಕಡಿಮೆ ಪವರಿನವರಿಂದಲೇ ಶುರು. ನೂರು ವ್ಯಾಟಿನವರು ಕಾಯಲಿ, ಅವರ ದನಿ ಎಲ್ಲಿಗೂ ಹೋಗುವುದಿಲ್ಲ.

ಆದರೂ ಮೇಷ್ಟ್ರು ನನಗೆ ಸರಿಯಾಗಿ ಕೇಳುತ್ತಿರಲಿಲ್ಲ. ಆ ಗೊರಗೊರ ಗದ್ದಲ ಅವುಗಳದೇ ಅಂತ ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ಬೈದುಕೊಂಡೆ. ಒಮ್ಮೆ ರಿಗ್ಗನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಕೆಳಗಿಳಿಸಿದರೆ ಗದ್ದಲ ಮಾಯ. ಒಂದೊಂದೇ ಪ್ಲಗ್ ಹಾಕಿ ನೋಡಿದೆ. ಕಳ್ಳ ಸಿಕ್ಕಿದ್ದು ಅಡುಗೆಮನೆಯ ಅಗ್ಗದ ಮೊಬೈಲ್ ಚಾರ್ಜರ್.

ಚರ್ಚೆಗೆ ವಾರಕ್ಕೊಂದು ವಿಷಯ, ಹಿಂದಿನ ವಾರವೇ ಹೇಳಿರುತ್ತೇವೆ: ಅರ್ತಿಂಗ್, ಸಿಡಿಲಿನಿಂದ ರಿಗ್ ಉಳಿಸಿಕೊಳ್ಳುವುದು, ಬಾಲನ್ (ಕೇಬಲ್ಲನ್ನು ಆಂಟೆನಾಗೆ ಹೊಂದಿಸುವ ಸುರುಳಿ) ಸುತ್ತುವುದು. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ಕೂಡದು. ನಮ್ಮ ಭತ್ತದ ಸೀಮೆಯಲ್ಲಿ ಈ ನಿಯಮ ಪಾಲಿಸುವುದು ಎಷ್ಟು ಕಷ್ಟ ಅಂತ ನಮಗೇ ಗೊತ್ತು. ಸುಗ್ಗಿಯಲ್ಲಿ ಯಾರಾದರೊಬ್ಬರು "ಅಂದಂಗ, ರೇಟ್ ಏನೈತ್ರಿ..." ಅಂತ ಶುರು ಮಾಡಿಯೇ ಮಾಡುತ್ತಾರೆ. ಎಲ್ಲರೂ ಒಟ್ಟಿಗೆ ಕೆಮ್ಮುತ್ತೇವೆ.

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಮರುದಿನ ನಮ್ಮ ನೆಟ್ ದಿನ. ಎಂಟಕ್ಕೆ ಮುಂಚೆಯೇ ಎಲ್ಲರೂ ಹಾಜರ್. ಅವರು ಹಿಂಗಂದ್ರು, ಇವರು ಹಂಗಂದ್ರು ಅಂತ ಒಂದೇ ಸಂತೆ. ಅವತ್ತಿನ ವಿಷಯ ಬದಿಗಿಟ್ಟು ಒಂದೇ ಮಾತು ಹೇಳಿದೆ: ಕಣ್ಣಾರೆ ಕಂಡದ್ದಿದ್ದರೆ ಹೇಳಿ, ಎಷ್ಟು ಗಂಟೆಗೆ ಕಂಡಿರಿ ಅಂತಲೂ ಹೇಳಿ. ತಕ್ಷಣ ಬ್ಯಾಂಡ್ ಮೌನ. ಆಮೇಲೆ ಹೊಳೆದಂಡೆಯ ಇಬ್ಬರು ಮಾತ್ರ ಮಾತಾಡಿದರು. ಫೋನುಗಳು ನಡೆಯುತ್ತಿದ್ದವು, ನಮ್ಮ ಸಹಾಯ ಯಾರೂ ಕೇಳಲಿಲ್ಲ. ಆದರೂ ಅವತ್ತಿನ ಲಾಗ್‌ಬುಕ್ಕಿನ ಪುಟವನ್ನು ಆಗಾಗ ತೆಗೆದು ನೋಡುತ್ತೇನೆ.

ಬೇಸಿಗೆ ಬೆಳೆಗೆ ಮೋಟಾರ್ ಕೆಲಸ ಜೋರಾದಾಗ ಕಂಟ್ರೋಲನ್ನು ಬೇರೆಯವರಿಗೆ ವಹಿಸುತ್ತೇನೆ. ಹೋದ ಸಲ ಮಾನ್ವಿ ಮೇಷ್ಟ್ರು ಹಠ ಮಾಡಿ ತೆಗೆದುಕೊಂಡರು, ಅದೇ ಐದಾರು ವ್ಯಾಟಿನ ರಿಗ್ಗಿನಲ್ಲಿ. ಅರ್ಧ ಜನಕ್ಕೆ ಕೇಳಲೇ ಇಲ್ಲ. ಅವರು ಒಂದು ಸಾಲು ಹೇಳುವುದು, ಅದನ್ನು ಬಳ್ಳಾರಿಯವರು ಎತ್ತಿ ಎಲ್ಲರಿಗೂ ಹೇಳುವುದು. ನೆಟ್ ಕಂಟ್ರೋಲಿಗೇ ರಿಲೇ. ಮುಗಿಯೋಕೆ ಒಂದೂವರೆ ತಾಸು ಹಿಡಿಯಿತು. ಹ್ಯಾಮ್‌ಗಳ ವಿದಾಯದ ಮಾತಾದ ಸೆವೆಂಟಿ ಥ್ರೀ ಹೇಳುವ ಮುಂಚೆ ಮೇಷ್ಟ್ರು ಎರಡಲ್ಲ, ಪೂರಾ ಐದು ಸೆಕೆಂಡ್ ಸುಮ್ಮನೆ ಕಾದರು, ಇನ್ನೂ ಯಾರಾದರೂ ಇದ್ದಾರೇನೋ ಅಂತ.