ತೂತಿನ ಮಾತು ಆಮೇಲೆ, ಮೊದಲು ಸರಿಯಾಗಿರೋ ಹಾರ್ಟು

ಮಕ್ಕಳ ಹಾರ್ಟ್ ಓಪಿಡಿಲಿ ಕೂತ ಹೊಸದ್ರಲ್ಲಿ ಅಪ್ಪ ಅಮ್ಮಂಗೆ ಸೀದಾ ಮಗು ಹಾರ್ಟಲ್ಲಿರೋ ತೂತಿನ ಬಗ್ಗೆನೇ ಹೇಳ್ತಿದ್ದೆ. ಎಲ್ಲಾದಕ್ಕೂ ತಲೆ ಆಡಿಸ್ತಿದ್ರು, ಹೊರಗೆ ಹೋಗಿ ಸಿಸ್ಟರ್ ಹತ್ರ ಮೊದಲಿಂದ ಕೇಳ್ತಿದ್ರು. ಈಗ ಚೀಟಿ ಹಿಂದೆ ಸರಿಯಾಗಿರೋ ಹಾರ್ಟ್ ಬರೆದೇ ಮುಂದಿನ ಮಾತು.

ಮಗು ಮುಷ್ಟಿ ತೋರಿಸ್ತೀನಿ, ಹೆಚ್ಚುಕಮ್ಮಿ ಇಷ್ಟೇ ದಪ್ಪ. ಒಳಗೆ ನಾಲ್ಕು ರೂಮು, ಮೇಲೆರಡು ಕೆಳಗೆರಡು, ನಡುವೆ ಗೋಡೆ. ಮೈಯೆಲ್ಲಾ ಸುತ್ತಿ ಬಂದ ರಕ್ತ ಬಲಗಡೆ ಮೇಲಿನ ರೂಮಿಗೆ ಬಂದು ಕೆಳಗಿಳಿದು ಶ್ವಾಸಕೋಶಕ್ಕೆ ಹೋಗುತ್ತೆ, ಅಲ್ಲಿ ಆಕ್ಸಿಜನ್ ತುಂಬ್ಕೊಂಡು ಎಡಗಡೆ ಮೇಲಿನ ರೂಮಿಗೆ ಬಂದು ಕೆಳಗಿಳಿದು ಮಹಾಧಮನಿ ಅನ್ನೋ ದೊಡ್ಡ ರಕ್ತನಾಳದಿಂದ ಮತ್ತೆ ಮೈಗೆಲ್ಲಾ. ನಾಲ್ಕು ವಾಲ್ವ್ ಇವೆ, ಒಂದೇ ಕಡೆಗೆ ತೆಗೆಯೋ ಬಾಗಿಲು, ಅವು ಮುಚ್ಚೋ ಸದ್ದೇ ಲಬ್-ಡಬ್. ಸ್ಟೆತ್ ಅಮ್ಮನ ಕಿವಿಗೇ ಹಾಕ್ತೀನಿ. ಇಷ್ಟು ಜೋರಾಗಿ ಓಡ್ತಿದ್ಯಲ್ಲ ಅಂತ ಗಾಬರಿ ಆಗ್ತಾರೆ, ಆದ್ರೆ ಎಳೆ ಕೂಸಿಗೆ ನಿಮಿಷಕ್ಕೆ 120ರಿಂದ 160 ಸಲ ಬಡಿಯೋದು ಮಾಮೂಲು, ನಮಗೆ 60ರಿಂದ 100.

ಮೊದಲೆಲ್ಲಾ ಬಲಗಡೆಗೆ ನೀಲಿ ಪೆನ್ನಲ್ಲಿ ಬರೀತಿದ್ದೆ. ಒಬ್ಬ ತಾಯಿ ಕಣ್ಣಲ್ಲಿ ನೀರು ತುಂಬ್ಕೊಂಡು "ಮೇಡಂ, ನಮ್ ಪಾಪು ರಕ್ತ ನೀಲಿನಾ?" ಅಂದ್ರು. ಅವತ್ತೇ ಬಿಟ್ಟೆ. ಆಕ್ಸಿಜನ್ ಕಮ್ಮಿ ಇರೋ ರಕ್ತನೂ ಕೆಂಪೇ, ಕಪ್ಪುಗೆಂಪು ಅಷ್ಟೇ. ಇನ್ನೊಂದು, ಚಿತ್ರದಲ್ಲಿ ನಮ್ಮ ಎಡಗೈ ಕಡೆ ಇರೋದು ಮಗುವಿನ ಬಲಗಡೆ, ಅದಕ್ಕೆ ಚೀಟಿನ ನನ್ನ ಎದೆ ಮೇಲಿಟ್ಟು ತೋರಿಸ್ತೀನಿ.

ನಾನು ಜಾಸ್ತಿ ಹೊತ್ತು ನಿಲ್ಲೋದು ಕೆಳಗಿನ ಎರಡು ರೂಮಲ್ಲಿ. ಬಲಗಡೇದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದ್ರೆ ಸಾಕು, ಎಡಗಡೇದು ತಲೆಯಿಂದ ಕಾಲ್ಬೆರಳ ತನಕ ತಳ್ಬೇಕು, ಹಾಗಾಗಿ ಅದರ ಗೋಡೆ ದಪ್ಪ. ದೊಡ್ಡೋರಲ್ಲಿ ಎಡಗಡೆ ಪ್ರೆಷರ್ ಸುಮಾರು 120 ಇದ್ರೆ ಬಲಗಡೆ 25ರ ಆಸುಪಾಸು. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡೋ ಒಬ್ಬ ಅಪ್ಪ ಇದನ್ನ ಕೇಳಿದ್ದೇ ನನ್ನ ಕೈಯಿಂದ ಪೆನ್ ತಗೊಂಡು, ಕೆಳಗಿನ ಗೋಡೆಗೆ ಒಂದು ಚುಕ್ಕೆ ಇಟ್ಟು ಬಾಣ ಎಳೆದ್ರು. "ತೂತು ಇಲ್ಲಿದ್ರೆ ಎಡದಿಂದ ಬಲಕ್ಕೆ ನುಗ್ಗುತ್ತೆ, ಶ್ವಾಸಕೋಶಕ್ಕೆ ಜಾಸ್ತಿ ರಕ್ತ ಹೋಗುತ್ತೆ, ಅದಕ್ಕೇನಾ ಮೇಡಂ ಇವ್ನು ಹಾಲು ಕುಡಿಯೋವಾಗ ಏದುಸಿರು ಬಿಡೋದು?"

ಹೌದಪ್ಪಾ, ಅದಕ್ಕೇ ಅಂದೆ. ಹುಟ್ಟಿದ ದಿನ ಯಾಕೆ ಗೊತ್ತಾಗ್ಲಿಲ್ಲ ಅಂತ ಅಮ್ಮ ಕೇಳಿದ್ರು. ಹೊಟ್ಟೇಲಿದ್ದಾಗ ಶ್ವಾಸಕೋಶಕ್ಕೆ ಕೆಲಸ ಇರಲ್ಲ, ಆಗ ಬಲಗಡೆ ಪ್ರೆಷರೂ ಎಡಗಡೆಯಷ್ಟೇ ಇರುತ್ತೆ, ಹುಟ್ಟಿ ಕೆಲವು ವಾರ ಆಗ್ತಾ ಅದು ಇಳಿಯುತ್ತೆ, ಆಗ್ಲೇ ತೂತಿಂದ ರಕ್ತ ನುಗ್ಗೋಕೆ ಶುರು. ನಿಮ್ಮಿಂದ ಏನೂ ತಪ್ಪಾಗಿಲ್ಲಮ್ಮ ಅಂದೆ. ಆ ಚೀಟಿ ಮಡಿಚಿ ಪರ್ಸಲ್ಲಿ ಇಟ್ಕೊಂಡ್ರು.